ರಾತ್ರಿ ಮೂರಕ್ಕೆ ನೀರೆಳೆದ ಪೈನ್ ಮರಗಳು: ಸೂಜಿ ಸೆನ್ಸರ್‌ನ ದೋಷ ಹುಡುಕುವ ಬಗೆ

ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಸೆನ್ಸರ್ ಅಂಕಿಗಳನ್ನು ದಾಖಲಿಸುವ ಲಾಗರ್‌ನಿಂದ ಇಳಿಸಿಕೊಂಡ ಗ್ರಾಫ್ ನೋಡಿ ನನಗೆ ಎಲ್ಲಿಲ್ಲದ ಖುಷಿಯಾಯಿತು. ಉತ್ತರಾಖಂಡದ ಅಲ್ಮೋಡಾ ಜಿಲ್ಲೆಯ ಒಂದು ಗುಡ್ಡದಲ್ಲಿ ಐದು ಚೀರ್ ಪೈನ್ ಮರಗಳಿಗೆ ಸೂಜಿ ಸೆನ್ಸರ್ ಹಾಕಿದ್ದೆವು. ಕಾಂಡದೊಳಗೆ ಎಷ್ಟು ನೀರು ಮೇಲೇರುತ್ತದೆ ಎಂದು ಅಳೆಯುವುದು ಕೆಲಸ. ಐದೂ ಮರಗಳು ರಾತ್ರಿ ಮೂರು ಗಂಟೆಗೆ ನೀರೆಳೆಯಲು ಶುರು ಮಾಡಿದ್ದವು. ಹಗಲು ಖಾಲಿಯಾದ ಕಾಂಡವನ್ನು ಮರ ರಾತ್ರಿ ತುಂಬಿಸಿಕೊಳ್ಳುತ್ತದೆ ಎನ್ನುವುದು ಗೊತ್ತಿರುವ ಸಂಗತಿಯೇ. ಅದೇ ಸಿಕ್ಕಿತು ಅಂದುಕೊಂಡು ಒಂದು ಪುಟ ಬರೆದೂ ಬಿಟ್ಟೆ. ನಿಜವಾಗಿ ಆದದ್ದು ಬ್ಯಾಟರಿ ಇಳಿದದ್ದು.

ಆ ದೋಷ ಹಿಡಿಯಲು ನಮಗೆ ಹನ್ನೆರಡು ದಿನ ಬೇಕಾಯಿತು. ನಿಮಗೆ ಅಷ್ಟು ದಿನ ಹಿಡಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಈ ಸೆನ್ಸರ್‌ನ ಕೆಟ್ಟ ಗುಣ ಒಂದೇ: ಅದು ಕೆಟ್ಟಾಗ ಸುಮ್ಮನಾಗುವುದಿಲ್ಲ, ಮರದ ಕಥೆಯ ಹಾಗೇ ಕಾಣುವ ಅಂಕಿ ಕೊಡುತ್ತದೆ. ಅಲ್ಮೋಡಾ ಇರುವ ಕುಮಾಊಂ ಪ್ರದೇಶದ ಹಳ್ಳಿಗಳಲ್ಲಿ ಈ ಅಂಕಿಗೆ ತೂಕ ಜಾಸ್ತಿ. ಬಾಂಜ್ ಓಕ್ ಇದ್ದಲ್ಲಿ ನೀರು ನಿಲ್ಲುತ್ತದೆ, ಚೀರ್ ಬಂದಲ್ಲಿ ನೌಲಾ ಬತ್ತುತ್ತದೆ ಎಂದು ಅಲ್ಲಿ ಮನೆಮನೆಯಲ್ಲೂ ಹೇಳುತ್ತಾರೆ. ನೌಲಾ ಎಂದರೆ ಒರತೆಗೆ ಕಲ್ಲು ಕಟ್ಟಿ ಮಾಡಿದ ಕುಡಿಯುವ ನೀರಿನ ಗುಂಡಿ. ಯಾವ ಮರ ಬೆಳೆಸಬೇಕು, ಯಾವುದು ಬೇಡ ಎನ್ನುವ ಮಾತಿಗೆ ನಮ್ಮ ಅಂಕಿ ಹೋಗಿ ಸೇರುತ್ತದೆ. ತಪ್ಪು ಅಂಕಿ ಹೋಗಬಾರದು.

ಸೆನ್ಸರ್ ಏನು ನೋಡುತ್ತದೆ

ಫ್ರಾನ್ಸ್‌ನ ಆಂದ್ರೆ ಗ್ರಾನಿಯೆ 1985ರಲ್ಲಿ ಕೊಟ್ಟ ವಿಧಾನ ಇದು. 2 ಸೆಂ.ಮೀ. ಉದ್ದದ ಎರಡು ಸಣ್ಣ ಸೂಜಿಗಳು. ಒಂದರ ಮೇಲೊಂದು, ಸುಮಾರು 10 ಸೆಂ.ಮೀ. ಅಂತರದಲ್ಲಿ, ಕಾಂಡದೊಳಗೆ. ಮೇಲಿನದಕ್ಕೆ ಸದಾ 0.2 ವ್ಯಾಟ್ ಬಿಸಿ. ಕೆಳಗಿನದಕ್ಕೆ ಬಿಸಿ ಇಲ್ಲ. ನೀರು ಹರಿದಷ್ಟೂ ಮೇಲಿನ ಸೂಜಿ ತಣ್ಣಗಾಗುತ್ತದೆ, ಎರಡರ ನಡುವಿನ ಉಷ್ಣತೆಯ ವ್ಯತ್ಯಾಸ ಕಡಿಮೆಯಾಗುತ್ತದೆ. ಹರಿವು ನಿಂತ ರಾತ್ರಿ ಈ ವ್ಯತ್ಯಾಸ ಹೆಚ್ಚುಕಮ್ಮಿ 10 ಡಿಗ್ರಿ ಇರುತ್ತದೆ.

ಲೆಕ್ಕ ಹೀಗೆ. ಹರಿವಿಲ್ಲದಾಗಿನ ಗರಿಷ್ಠ ವ್ಯತ್ಯಾಸದಲ್ಲಿ ಈಗಿನ ವ್ಯತ್ಯಾಸವನ್ನು ಕಳೆಯಿರಿ. ಉಳಿದದ್ದನ್ನು ಈಗಿನ ವ್ಯತ್ಯಾಸದಿಂದ ಭಾಗಿಸಿ. ಬಂದ ಸಂಖ್ಯೆಯನ್ನು 1.231ರ ಘಾತಕ್ಕೆ ಏರಿಸಿ 42.84ರಿಂದ ಗುಣಿಸಿ. ಒಂದು ಚದರ ಸೆಂ.ಮೀ. ಹಸಿಮರದಲ್ಲಿ ಗಂಟೆಗೆ ಎಷ್ಟು ಘನ ಸೆಂ.ಮೀ. ನೀರು ಹೋಯಿತು ಎಂಬುದು ಸಿಗುತ್ತದೆ. ಹಸಿಮರ ಎಂದು ನಾನು ಹೇಳುವುದು ತೊಗಟೆಗೂ ಒಳಗಿನ ಗಟ್ಟಿ ಚೇಗಿಗೂ ನಡುವಿನ, ನೀರು ಹರಿಯುವ ಭಾಗವನ್ನು.

ಒಂದು ಉದಾಹರಣೆ ಮನಸ್ಸಲ್ಲಿಟ್ಟುಕೊಳ್ಳಿ, ಮುಂದೆಲ್ಲ ಬೇಕಾಗುತ್ತದೆ. ಗರಿಷ್ಠ 10 ಡಿಗ್ರಿ, ಈಗ ಮಧ್ಯಾಹ್ನ 8.5 ಡಿಗ್ರಿ. ಹರಿವು ಸುಮಾರು 5. ಅದೇ ಗರಿಷ್ಠವನ್ನು ತಪ್ಪಾಗಿ 11 ಎಂದು ತೆಗೆದುಕೊಂಡರೆ ಹರಿವು 9.5 ಆಗುತ್ತದೆ. ಒಂದು ಡಿಗ್ರಿ ತಪ್ಪಿಗೆ ಮರ ಎರಡು ಪಟ್ಟು ನೀರು ಕುಡಿಯುತ್ತದೆ! ಉಷ್ಣತೆಯನ್ನು ವೋಲ್ಟ್ ಆಗಿ ತೋರಿಸುವ, ಸೂಜಿಯೊಳಗಿನ ತಾಮ್ರ ಮತ್ತು ಕಾನ್‌ಸ್ಟಾಂಟನ್ ಥರ್ಮೋಕಪಲ್‌ನಲ್ಲಿ ಒಂದು ಡಿಗ್ರಿ ಎಂದರೆ ಬರೀ 40 ಮೈಕ್ರೋವೋಲ್ಟ್. ಒಂದು ಸಡಿಲ ಸ್ಕ್ರೂ ಸಾಕು ಅಷ್ಟು ಹೋಗಲು.

ಮೊದಲ ಪ್ರಶ್ನೆ: ಒಂದು ಮರವೋ, ಎಲ್ಲ ಮರವೋ

ಗ್ರಾಫ್ ವಿಚಿತ್ರ ಕಂಡ ತಕ್ಷಣ ಮಲ್ಟಿಮೀಟರ್ ಹಿಡಿದು ಕಾಡಿಗೆ ಓಡಬೇಡಿ. ಎಲ್ಲ ಮರಗಳ ಗೆರೆಗಳನ್ನು ಒಂದೇ ಹಾಳೆಯ ಮೇಲೆ ಹಾಕಿ. ಮರಗಳು ಒಂದೊಂದೂ ಒಂದೊಂದು ಥರ. ಬಿಸಿಲು ಮೊದಲು ಬೀಳುವ ಮರ ಮೊದಲು ಎಚ್ಚರವಾಗುತ್ತದೆ, ದಿಬ್ಬದ ಹಿಂದಿನದು ಅರ್ಧ ಗಂಟೆ ತಡ. ಐದೂ ಮರಗಳು ಒಂದೇ ನಿಮಿಷದಲ್ಲಿ ಒಂದೇ ಕೆಲಸ ಮಾಡಿದರೆ ಅದು ಮರದ್ದಲ್ಲ. ಅವೆಲ್ಲಕ್ಕೂ ಸಮಾನವಾದದ್ದು ಏನು ಅಂತ ಕೇಳಿಕೊಳ್ಳಿ. ಬ್ಯಾಟರಿ, ಕರೆಂಟ್ ಕೊಡುವ ಬೋರ್ಡ್, ಲಾಗರ್, ಅರ್ತಿಂಗ್, ಇಷ್ಟೇ. ಒಂದೇ ಮರ ಕೆಟ್ಟಿದ್ದರೆ ಆ ಮರದ ಸೂಜಿ, ಆ ಮರದ ತಂತಿ, ಆ ಮರದ ರಾಳ.

ಈ ಒಂದು ಪ್ರಶ್ನೆಯನ್ನು ನಾನು ಮೊದಲ ದಿನವೇ ಕೇಳಿದ್ದರೆ ಹನ್ನೆರಡು ದಿನ ಉಳಿಯುತ್ತಿತ್ತು.

ಎಲ್ಲ ಮರವೂ ಒಟ್ಟಿಗೆ: ಕರೆಂಟ್ ನೋಡಿ

ನಮ್ಮ ಹೀಟರ್‌ಗಳು 15 ಓಮ್‌ನವು. 0.2 ವ್ಯಾಟ್ ಬೇಕಾದರೆ 115 ಮಿಲಿಆಂಪ್ ಹರಿಯಬೇಕು. ಆಗ ಒಂದೊಂದರ ಮೇಲೂ 1.73 ವೋಲ್ಟ್ ಇಳಿಯುತ್ತದೆ. ಹೀಟರ್‌ಗಳನ್ನು ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿ, ಎಲ್‌ಎಂ 317 ಎಂಬ ರೆಗ್ಯುಲೇಟರ್‌ನಿಂದ ಕರೆಂಟ್ ಕಟ್ಟಿಟ್ಟಿದ್ದೆವು. ಅದಕ್ಕೆ 10.9 ಓಮ್ ರೆಸಿಸ್ಟರ್.

ಮೊದಲಿಗೆ ಇದ್ದದ್ದು ನಾಲ್ಕು ಮರ. ಫೆಬ್ರವರಿಯಲ್ಲಿ ಐದನೆಯದನ್ನು ಸೇರಿಸಿದೆವು. ಅಲ್ಲೇ ಬಿದ್ದದ್ದು ಪೆಟ್ಟು. ಐದು ಹೀಟರ್‌ಗೆ 8.65 ವೋಲ್ಟ್. ರೆಸಿಸ್ಟರ್ ಮೇಲೆ 1.25. ರೆಗ್ಯುಲೇಟರ್ ತನ್ನ ಕೆಲಸಕ್ಕೆ ಇಟ್ಟುಕೊಳ್ಳುವುದು ಸುಮಾರು 1.7. ಒಟ್ಟು 11.6 ವೋಲ್ಟ್. ಬ್ಯಾಟರಿ ಇದಕ್ಕಿಂತ ಕೆಳಗೆ ಇಳಿದರೆ ರೆಗ್ಯುಲೇಟರ್ ಕೈಬಿಡುತ್ತದೆ, ಕರೆಂಟ್ ಇಳಿಯಲು ಶುರುವಾಗುತ್ತದೆ. 11.1 ವೋಲ್ಟ್‌ಗೆ ಬಂದಾಗ ಕರೆಂಟ್ 109 ಮಿಲಿಆಂಪ್. ಬರೀ ಐದು ಪರ್ಸೆಂಟ್ ಕಡಿಮೆ ಅಲ್ವಾ ಅನಿಸುತ್ತದೆ. ಆದರೆ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಹತ್ತು ಡಿಗ್ರಿ ಇದ್ದದ್ದು ಒಂಬತ್ತಾಗುತ್ತದೆ. ಲೆಕ್ಕಕ್ಕೆ ಹಾಕಿದರೆ ಹರಿವು 2.9. ನಿದ್ದೆಯಲ್ಲಿರುವ ಮರ ಮಧ್ಯಾಹ್ನದ ಅರ್ಧಕ್ಕಿಂತ ಹೆಚ್ಚು ನೀರೆಳೆಯುತ್ತಿದೆ ಎಂದು ತೋರಿಸುತ್ತದೆ.

ಗ್ರಾಫಿನಲ್ಲೇ ಸುಳಿವು ಇತ್ತು. ಮೂರು ಗಂಟೆಗೆ ಏರತೊಡಗಿದ ಹರಿವು, ಬ್ಯಾಟರಿ ತುಂಬಿಸುವ ಸೋಲಾರ್ ಪ್ಯಾನಲ್ ಮೇಲೆ ಬಿಸಿಲು ಬಿದ್ದ ಕೂಡಲೇ ಸೊನ್ನೆಗೆ ಬಿದ್ದು, ಆಮೇಲೆ ನಿಧಾನಕ್ಕೆ ಏರುತ್ತಿತ್ತು. ಸೂರ್ಯ ಹುಟ್ಟಿದಾಗ ನೀರೆಳೆಯುವುದನ್ನು ನಿಲ್ಲಿಸುವ ಮರ ಎಲ್ಲಿದೆ? ಆ ಒಂದು ತಗ್ಗನ್ನು ನಾನು ನೋಡಿಯೂ ನೋಡಿರಲಿಲ್ಲ.

ಜನವರಿಯಲ್ಲಿ ನಾಲ್ಕೇ ಮರ ಇದ್ದಾಗ ಇದೇ ಬ್ಯಾಟರಿ ಸಾಕಾಗಿತ್ತು. ಐದನೆಯ ಮರದಿಂದ ಬೇಕಾದ ವೋಲ್ಟ್ ಏರಿತು, ಸರಿ. ಆದರೆ ಬ್ಯಾಟರಿ ಯಾಕೆ ಅಷ್ಟು ಇಳಿಯಬೇಕು? ಇದನ್ನು ತೋರಿಸಿಕೊಟ್ಟದ್ದು ನಮ್ಮ ಜೊತೆ ಕಾಡಿಗೆ ಬರುತ್ತಿದ್ದ ಊರಿನ ಹಿರಿಯರು. ಅವರನ್ನು ನಾವೆಲ್ಲ ದಾಜ್ಯೂ ಎನ್ನುತ್ತಿದ್ದೆವು, ಕುಮಾಊನಿಯಲ್ಲಿ ಅಣ್ಣ ಎಂದರ್ಥ. ಅವರು ಸೋಲಾರ್ ಪ್ಯಾನಲ್ ಮೇಲೆ ಬೆರಳೆಳೆದು ನನಗೆ ತೋರಿಸಿದರು. ಬೆರಳ ತುದಿ ಅರಿಶಿನ ಮುಟ್ಟಿದ ಹಾಗೆ ಹಳದಿ. ಪ್ಯಾನಲ್ ಮೇಲೆ ಒಂದೇ ಒಂದು ಕಪ್ಪು ಗೆರೆ, ಉಳಿದದ್ದೆಲ್ಲ ಹಳದಿ ಪೊರೆ. ಚೀರ್ ಮರಗಳು ಚಳಿಗಾಲ ಮುಗಿಯುವ ಹೊತ್ತಿಗೆ ಪರಾಗ ಉದುರಿಸುತ್ತವೆ. ಅದು ಇಬ್ಬನಿಯಲ್ಲಿ ನೆನೆದು, ಬಿಸಿಲಿಗೆ ಒಣಗಿ, ಪದರ ಪದರವಾಗಿ ಅಂಟಿಕೊಂಡಿತ್ತು. "ಮನೆ ಛಾವಣಿ ಮೇಲೂ ಹೀಗೇ ಆಗುತ್ತೆ, ಒರೆಸಬೇಕು" ಅಂದರು ದಾಜ್ಯೂ. ಬ್ಯಾಟರಿಯೂ ಹಳೆಯದಾಗಿತ್ತು. ಎರಡೂ ಸೇರಿ ಬೆಳಗಿನ ಜಾವಕ್ಕೆ ವೋಲ್ಟ್ ಉಳಿಯುತ್ತಿರಲಿಲ್ಲ.

ಏನು ಮಾಡಿದೆವು? ಐದನೆಯ ಮರಕ್ಕೆ ಬೇರೆ ರೆಗ್ಯುಲೇಟರ್ ಹಾಕಿದೆವು. ಒಂದು ಸರಣಿಯಲ್ಲಿ ನಾಲ್ಕಕ್ಕಿಂತ ಜಾಸ್ತಿ ಹೀಟರ್ ಬೇಡ ಎಂದು ತೀರ್ಮಾನಿಸಿದೆವು. ಬ್ಯಾಟರಿ ಬದಲಾಯಿಸಿದೆವು. ಮತ್ತು ಇದು ಎಲ್ಲಕ್ಕಿಂತ ಮುಖ್ಯ: ಬ್ಯಾಟರಿ ವೋಲ್ಟ್ ಮತ್ತು ಹೀಟರ್ ಕರೆಂಟ್ ಎರಡನ್ನೂ ಲಾಗರ್‌ನಲ್ಲೇ ದಾಖಲಿಸತೊಡಗಿದೆವು. ಸರಣಿಯಲ್ಲಿ ಒಂದು ಓಮ್‌ನ ನಿಖರ ರೆಸಿಸ್ಟರ್ ಇಟ್ಟರೆ ಸಾಕು, ಅದರ ಮೇಲಿನ ಮಿಲಿವೋಲ್ಟ್ ಎಂದರೆ ಮಿಲಿಆಂಪ್. ಕರೆಂಟ್ ದಾಖಲೆ ಇಲ್ಲದ ಹರಿವಿನ ಅಂಕಿಯನ್ನು ನಾನೀಗ ನಂಬುವುದಿಲ್ಲ.

ಎಲ್ಲ ಮರಗಳ ವ್ಯತ್ಯಾಸವೂ ಪೂರ್ತಿ ಸೊನ್ನೆಗೆ ಬಂದಿದ್ದರೆ ಹುಡುಕುವುದು ಸುಲಭ. ಸರಣಿಯಲ್ಲಿ ಎಲ್ಲೋ ತಂತಿ ತುಂಡಾಗಿದೆ. ಲಂಗೂರ್‌ಗಳೂ ಇಲಿಗಳೂ ಕಡಿಯುತ್ತವೆ, ಬೇಸಿಗೆಯ ಕಾಳ್ಗಿಚ್ಚಿನಲ್ಲಿ ಪಿರುಲ್ ಉರಿದು ನೆಲದ ಮೇಲಿನ ಕೇಬಲ್ ಕರಗುತ್ತದೆ. ಪಿರುಲ್ ಎಂದರೆ ಉದುರಿದ ಪೈನ್ ಸೂಜಿಯೆಲೆ. ಕೇಬಲ್ ಹೋಗುವ ದಾರಿಯಲ್ಲಿ ಅದನ್ನು ಗುಡಿಸಿ, ಕೇಬಲನ್ನು ಪೈಪಿನಲ್ಲಿ ಹೂತುಬಿಡಿ.

ಒಂದೇ ಮರ: ಮಲ್ಟಿಮೀಟರ್ ಕೆಲಸ

ಲಾಗರ್‌ನಿಂದ ಬಿಡಿಸಿ, ಹೀಟರ್ ತುದಿಗಳ ನಡುವೆ ಅಳೆಯಿರಿ. 15 ಓಮ್ ಆಸುಪಾಸು ಬರಬೇಕು. ತೀರಾ ಕಡಿಮೆ ಬಂದರೆ ಸೂಜಿಯೊಳಗೆ ಸುತ್ತು ಶಾರ್ಟ್ ಆಗಿದೆ. ಆಗ ಸರಣಿಯ ಉಳಿದ ಮರಗಳು ಚೆನ್ನಾಗಿಯೇ ಇರುತ್ತವೆ, ಇದೊಂದರಲ್ಲಿ ಬಿಸಿ ಇರುವುದಿಲ್ಲ. ಥರ್ಮೋಕಪಲ್ ಜೋಡಿಯ ರೆಸಿಸ್ಟೆನ್ಸ್ ನೋಡಿ, ಅಳವಡಿಸಿದ ದಿನ ಬರೆದಿಟ್ಟ ಅಂಕಿಗೆ ಹೋಲಿಸಿ. ಬರೆದಿಟ್ಟಿಲ್ಲವಾದರೆ ಇವತ್ತೇ ಎಲ್ಲದಕ್ಕೂ ಬರೆದಿಡಿ. ಹೀಟರ್ ತಂತಿಗೂ ಥರ್ಮೋಕಪಲ್ ತಂತಿಗೂ ನಡುವೆ ಯಾವ ಸಂಪರ್ಕವೂ ಸಿಗಬಾರದು. ಸಿಕ್ಕರೆ ಒಳಗೆ ನೀರು ಹೋಗಿದೆ ಅಥವಾ ವಾರ್ನಿಷ್ ಕಿತ್ತಿದೆ, ಆ ಸೂಜಿ ಬಿಸಾಡಿ.

ಅಂಕಿ ಮೈನಸ್ ಬಂದರೆ ಗಾಬರಿ ಬೇಡ, ತಂತಿ ತಿರುಗಾಮುರುಗಾ ಆಗಿದೆ. ಗೆರೆ ಗರಗಸದ ಹಲ್ಲಿನಂತೆ ಕುಣಿದರೆ ಟರ್ಮಿನಲ್ ಸ್ಕ್ರೂ ಬಿಗಿ ಮಾಡಿ, ಜೋಡಣೆಯ ಡಬ್ಬಿಯಲ್ಲಿ ತೇವ ಇದೆಯಾ ನೋಡಿ, ಕೇಬಲ್‌ನ ಶೀಲ್ಡ್ ಒಂದೇ ತುದಿಯಲ್ಲಿ ಅರ್ತ್ ಆಗಿದೆಯಾ ನೋಡಿ.

ರಾಳ

ಪೈನ್ ಮರದಲ್ಲಿ ಅಳೆಯುವವರಿಗೆ ಇರುವ ವಿಶೇಷ ಕಷ್ಟ ಇದು. ಮರಕ್ಕೆ ತೂತು ಮಾಡಿದರೆ ಅದು ಗಾಯ. ಗಾಯಕ್ಕೆ ಪೈನ್ ರಾಳ ಸುರಿಸುತ್ತದೆ. ಇದೇ ರಾಳವನ್ನು ಕುಮಾಊಂನಲ್ಲಿ ಲೀಸಾ ಎಂದು ಕರೆದು, ಮರ ಕೆತ್ತಿ ಇಳಿಸುತ್ತಾರೆ. ಸೂಜಿಯ ಸುತ್ತ ರಾಳ ತುಂಬಿದ ಕಡೆ ನೀರು ಹರಿಯುವುದಿಲ್ಲ. ಹರಿವು ಪಕ್ಕಕ್ಕೆ ತಿರುಗುತ್ತದೆ. ಸೂಜಿ ಸತ್ತ ಮರದ ನಡುವೆ ಕೂತು ಹೊರಗಿನ ಹರಿವಿನ ನೆರಳನ್ನಷ್ಟೇ ನೋಡುತ್ತದೆ.

ಲಕ್ಷಣ ಹೀಗೆ: ಒಂದು ದಿನದಲ್ಲಿ ಏನೂ ಗೊತ್ತಾಗುವುದಿಲ್ಲ. ರಾತ್ರಿಯ ಗರಿಷ್ಠ ವಾರದಿಂದ ವಾರಕ್ಕೆ ಸರಿಯುತ್ತಾ ಹೋಗುತ್ತದೆ, ಹಗಲಿನ ಏರಿಳಿತ ಚಪ್ಪಟೆಯಾಗುತ್ತಾ ಬರುತ್ತದೆ. ಬರಗಾಲದ ಮರವೂ ಹೀಗೇ ಕಾಣುತ್ತದೆ! ಮಣ್ಣು ಒಣಗಿ ಮರ ನೀರು ಕಡಿಮೆ ಮಾಡಿತೋ, ರಾಳ ಕಟ್ಟಿಕೊಂಡಿತೋ ಎಂದು ಗ್ರಾಫ್ ಹೇಳುವುದಿಲ್ಲ. ಬಿಡಿಸಿಕೊಳ್ಳಲು ಒಂದೇ ದಾರಿ. ಅದೇ ಮರದಲ್ಲಿ, ಹಳೆಯದರಿಂದ ಒಂದು ಗೇಣು ಪಕ್ಕಕ್ಕೆ, ಹೊಸ ಸೂಜಿ ಹಾಕಿ. ಒಂದು ವಾರ ಎರಡನ್ನೂ ಓಡಿಸಿ. ಹೊಸದೂ ಚಪ್ಪಟೆಯಾಗಿದ್ದರೆ ಮರ ನಿಜ ಹೇಳುತ್ತಿದೆ. ಹೊಸದು ಚೆನ್ನಾಗಿ ಏರಿಳಿದರೆ ಹಳೆಯದು ರಾಳಕ್ಕೆ ಸಿಕ್ಕಿದೆ.

ನಾನು ಮೊದಲ ಬಾರಿ ಒಂದು ಹಳೆಯ ಸೂಜಿ ಎಳೆದಾಗ ಅದು ಬರಲೇ ಇಲ್ಲ. ಇಕ್ಕಳದಿಂದ ನಿಧಾನಕ್ಕೆ ತಿರುಗಿಸಿದಾಗ ಅದನ್ನು ತೂರಿಸಿದ್ದ ಅಲ್ಯೂಮಿನಿಯಂ ಕೊಳವೆ ಸಮೇತ ಹೊರಬಂತು. ಸುತ್ತ ಜೇನಿನ ಬಣ್ಣದ ಅಂಟು, ಬಾಯಿಯ ಹತ್ತಿರ ಬೆಳ್ಳಗೆ ಸಕ್ಕರೆ ಕಟ್ಟಿದಂಥ ಉಂಗುರ. ಕೈಗೆ ಹತ್ತಿದ ಆ ವಾಸನೆ ಎರಡು ದಿನ ಹೋಗಲಿಲ್ಲ. ಅಂದಿನಿಂದ ಪ್ರತಿ ಋತುವಿಗೆ ಹೊಸ ತೂತು, ಹೊಸ ಕೊಳವೆ ಎಂದು ನಿಯಮ ಮಾಡಿಕೊಂಡಿದ್ದೇವೆ. ಕೊಳವೆಯೊಳಗೆ ಥರ್ಮಲ್ ಗ್ರೀಸ್ ತುಂಬಿಸಿ. ಗಾಳಿಯ ಗುಳ್ಳೆ ಉಳಿದರೆ ಬಿಸಿ ಸರಿಯಾಗಿ ಮರಕ್ಕೆ ದಾಟುವುದಿಲ್ಲ.

ಸೂಜಿ ಎಲ್ಲಿ ಕೂತಿದೆ

ಚೀರ್‌ನ ತೊಗಟೆ ದಪ್ಪ, ಬಿರುಕು ಬಿರುಕು. ಮೇಲಿನ ಬಿರುಕನ್ನು ನಂಬಿ ಚುಚ್ಚಿದರೆ ಸೂಜಿಯ ಅರ್ಧ ತೊಗಟೆಯಲ್ಲೇ ಉಳಿಯುತ್ತದೆ. ಒಂದು ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ತೊಗಟೆಯನ್ನು ಬಿಳಿ ಪದರ ಕಾಣುವವರೆಗೆ ಕೆತ್ತಿ, ಆಮೇಲೆ ಡ್ರಿಲ್ ಮಾಡಿ.

ಇನ್ನೊಂದು ತುದಿಯಲ್ಲಿ ಚೇಗು ಕಾಯುತ್ತಿರುತ್ತದೆ. ಸಣ್ಣ ಮರದಲ್ಲೋ ಓರೆ ಬೆಳೆದ ಮರದಲ್ಲೋ ಹಸಿಮರ ಕೆಲವು ಕಡೆ ತೆಳುವಾಗಿರುತ್ತದೆ. 20 ಮಿ.ಮೀ. ಸೂಜಿಯಲ್ಲಿ 5 ಮಿ.ಮೀ. ಚೇಗಿನೊಳಗೆ ಹೋದರೆ ಆ ಭಾಗ ಸದಾ ಗರಿಷ್ಠ ಬಿಸಿಯಲ್ಲೇ ಇರುತ್ತದೆ, ಸರಾಸರಿಯನ್ನು ಮೇಲಕ್ಕೆ ಎಳೆಯುತ್ತದೆ. ನಮ್ಮ ಉದಾಹರಣೆಯನ್ನೇ ತೆಗೆದುಕೊಳ್ಳಿ. ಸೂಜಿ 8.5 ತೋರಿಸಿದರೂ ಹಸಿಮರದಲ್ಲಿರುವ ಭಾಗದ ನಿಜವಾದ ವ್ಯತ್ಯಾಸ 8. ಹರಿವು 5 ಅಲ್ಲ, 7.8. ಈ ತಿದ್ದುಪಡಿಯನ್ನು ಕ್ಲಿಯರ್‌ವಾಟರ್ ಮತ್ತು ಸಂಗಡಿಗರು 1999ರಲ್ಲಿ ಕೊಟ್ಟರು. ಆದರೆ ಎಷ್ಟು ಮಿ.ಮೀ. ಒಳಗಿದೆ ಎಂದು ನಿಮಗೆ ಗೊತ್ತಿರಬೇಕು. ಟೊಳ್ಳು ಬೋರರ್‌ನಿಂದ ಒಂದು ಪೆನ್ಸಿಲ್‌ನಷ್ಟು ತೆಳುವಾದ ಮರದ ತುಣುಕು ತೆಗೆದು, ತಕ್ಷಣ ಬೆಳಕಿಗೆ ಹಿಡಿಯಿರಿ. ಪೈನ್‌ನ ಹಸಿಮರ ಎಣ್ಣೆ ಕಾಗದದ ಹಾಗೆ ಬೆಳಕು ಬಿಡುತ್ತದೆ, ಚೇಗು ಬಿಡುವುದಿಲ್ಲ. ಗಡಿಯಲ್ಲಿ ಪೆನ್ಸಿಲ್ ಗುರುತು ಹಾಕಿ. ತಡ ಮಾಡಿದರೆ ಒಣಗಿ ಎರಡೂ ಒಂದೇ ಆಗುತ್ತವೆ.

ಬಿಸಿಲು ಮತ್ತು ಸೊನ್ನೆ

ಕಾಂಡದ ಮೇಲೆ ಬೆಳಗಿನ ಬಿಸಿಲು ಬಿದ್ದರೆ ಮೇಲಿನ ಸೂಜಿಗೂ ಕೆಳಗಿನ ಸೂಜಿಗೂ ಬೇರೆ ಬೇರೆ ಬಿಸಿ ತಾಗುತ್ತದೆ. ನೆಲದ ಹತ್ತಿರ ಅಳವಡಿಸಿದ್ದರೆ ಇನ್ನೂ ಕಷ್ಟ. ಪರೀಕ್ಷೆ ಸರಳ: ಎರಡು ದಿನ ಹೀಟರ್ ಆಫ್ ಮಾಡಿ, ಲಾಗರ್ ಮಾತ್ರ ಓಡಲಿ. ಬಿಸಿ ಇಲ್ಲದ ಮೇಲೆ ವ್ಯತ್ಯಾಸ ಸೊನ್ನೆಯ ಆಸುಪಾಸಿನಲ್ಲೇ ಇರಬೇಕು. ನಮ್ಮ ಮೂರನೆಯ ಮರ ಬೆಳಗ್ಗೆ ಒಂಬತ್ತಕ್ಕೆ ಅರ್ಧ ಡಿಗ್ರಿ ಮೇಲೇರುತ್ತಿತ್ತು. ಕಾಂಡದ ಸುತ್ತ ಥರ್ಮೋಕೋಲ್, ಅದರ ಮೇಲೆ ಹೊಳೆಯುವ ಫಾಯಿಲ್, ಸೂಜಿಯಿಂದ ಮೇಲೂ ಕೆಳಗೂ ಒಂದು ಮೊಳ ಉದ್ದಕ್ಕೆ ಸುತ್ತಿದ ಮೇಲೆ ಸರಿಹೋಯಿತು. ಮೇಲಿನ ಅಂಚಿಗೆ ಸಿಲಿಕೋನ್ ಹಚ್ಚಿ, ಇಲ್ಲವಾದರೆ ಮಳೆ ನೀರು ಕಾಂಡದ ಮೇಲೆ ಇಳಿದು ಒಳಗೆ ಸೇರುತ್ತದೆ.

ಇನ್ನು ಸೊನ್ನೆ. ಪ್ರತಿ ರಾತ್ರಿಯ ಗರಿಷ್ಠವನ್ನೇ ಹರಿವಿಲ್ಲದ ಸ್ಥಿತಿ ಎಂದು ಹಿಡಿಯುವುದು ರೂಢಿ. ಬೇಸಿಗೆಯಲ್ಲಿ ಕುಮಾಊಂನ ಗಾಳಿ ರಾತ್ರಿಯೂ ಒಣಗಿರುತ್ತದೆ, ಮರ ನಿಜವಾಗಿಯೂ ಸ್ವಲ್ಪ ನೀರು ಬಿಡುತ್ತಿರಬಹುದು. ಆಗ ಆ ಗರಿಷ್ಠ ನಿಜವಾದ ಗರಿಷ್ಠವಲ್ಲ, ನಿಮ್ಮ ಎಲ್ಲ ಅಂಕಿಯೂ ಕಡಿಮೆ ಬರುತ್ತದೆ. ಗಾಳಿ ಪೂರ್ತಿ ತೇವವಾಗಿದ್ದ ರಾತ್ರಿಗಳನ್ನು ಹುಡುಕಿ, ಅವುಗಳ ಗರಿಷ್ಠಗಳನ್ನು ಗೆರೆಯಿಂದ ಜೋಡಿಸಿ, ನಡುವಿನ ರಾತ್ರಿಗಳಿಗೆ ಆ ಗೆರೆಯನ್ನು ಬಳಸಿ. ಹಾಗೆ ಮಾಡುವ ಮೊದಲು ತೇವ ಅಳೆಯುವ ಸೆನ್ಸರ್ ಸರಿಯಿದೆಯಾ ನೋಡಿಕೊಳ್ಳಿ. ಇಡೀ ರಾತ್ರಿ ಮಂಜು ಕವಿದಿದ್ದರೂ ಅದು 90 ಪರ್ಸೆಂಟ್ ಆಚೆ ಹೋಗದಿದ್ದರೆ ದೋಷ ಅಲ್ಲಿಯೇ ಇದೆ.

ಒಂದು ಮರದಿಂದ ಇಡೀ ಕಾಡಿಗೆ

ಸೆನ್ಸರ್ ಸರಿಯಾಗಿದ್ದೂ ಒಟ್ಟು ಅಂಕಿ ಜಾಸ್ತಿ ಬಂದರೆ ಕೈಲೆಕ್ಕ ಮಾಡಿ. 40 ಸೆಂ.ಮೀ. ಅಡ್ಡಳತೆಯ ಮರ, ತೊಗಟೆ 3 ಸೆಂ.ಮೀ., ಹಸಿಮರ 8 ಸೆಂ.ಮೀ. ದಪ್ಪ ಎಂದುಕೊಳ್ಳಿ. ತೊಗಟೆ ಕಳೆದರೆ ಹಸಿಮರದ ವಿಸ್ತೀರ್ಣ 653 ಚದರ ಸೆಂ.ಮೀ. ಕಳೆಯದಿದ್ದರೆ 804. ತೊಗಟೆ ಮರೆತದ್ದಕ್ಕೇ ಕಾಲು ಭಾಗದಷ್ಟು ಹೆಚ್ಚು ನೀರು. ಅದರ ಮೇಲೆ ಸೂಜಿ ನೋಡುವುದು ಹೊರಗಿನ 2 ಸೆಂ.ಮೀ. ಮಾತ್ರ. ಒಳಗಿನ ಹಸಿಮರದಲ್ಲಿ ಸಾಮಾನ್ಯವಾಗಿ ಹರಿವು ಕಡಿಮೆ. ಹೊರಗಿನ ಅಂಕಿಯನ್ನು ಎಂಟೂ ಸೆಂ.ಮೀ.ಗೆ ಹಚ್ಚಬೇಡಿ. ಒಂದೆರಡು ಮರಗಳಲ್ಲಾದರೂ ಆಳಕ್ಕೆ ಇನ್ನೊಂದು ಜೋಡಿ ಸೂಜಿ ಹಾಕಿ.

ಅಂಕಿ ಕಡಿಮೆ ಬಂದರೆ? ಹಳ್ಳದ ನೀರಿನ ಲೆಕ್ಕಕ್ಕೂ ಮರದ ಲೆಕ್ಕಕ್ಕೂ ತಾಳೆಯಾಗದಿದ್ದರೆ, ದೋಷ ಸೆನ್ಸರ್‌ನಲ್ಲಿ ಇಲ್ಲದೆಯೂ ಇರಬಹುದು. ಮಳೆಯ ಒಂದು ಪಾಲು ಸೂಜಿಯೆಲೆಗಳ ಮೇಲೇ ನಿಂತು, ನೆಲ ಮುಟ್ಟದೆ ಆವಿಯಾಗುತ್ತದೆ. ಅದು ಕಾಂಡದೊಳಗೆ ಹಾದು ಹೋಗುವುದೇ ಇಲ್ಲ, ನಮ್ಮ ಸೂಜಿಗೆ ಅದು ಕಾಣುವುದೂ ಇಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಕವೀಟಾದಲ್ಲಿ ಎಲೆ ಉದುರಿಸುವ ಕಾಡಿನ ಜಾಗದಲ್ಲಿ ವೈಟ್ ಪೈನ್ ನೆಟ್ಟು, ಸುಮಾರು 15 ವರ್ಷದ ನಂತರ ಹಳ್ಳದಲ್ಲಿ ಒಂದು ವರ್ಷಕ್ಕೆ ಹರಿಯುವ ನೀರು, ಇಡೀ ಜಲಾನಯನದ ಮೇಲೆ ಹರಡಿ ಅಳೆದರೆ, 20 ಸೆಂ.ಮೀ.ನಷ್ಟು ಇಳಿದದ್ದನ್ನು 1974ರಲ್ಲಿ ಪ್ರಕಟಿಸಿದರು. ವರ್ಷವಿಡೀ ಹಸಿರಾಗಿರುವ ಪೈನ್ ಚಳಿಗಾಲದಲ್ಲೂ ಮಳೆ ಹಿಡಿಯುತ್ತದೆ, ನೀರೂ ಎಳೆಯುತ್ತದೆ. ಎರಡೂ ಸೇರಿ ಆದ ನಷ್ಟ ಅದು. ಅಲ್ಲಿಯ ಅಂಕಿಯನ್ನು ತಂದು ಚೀರ್‌ಗೆ ಅಂಟಿಸಲಾಗದು. ಆದರೆ ಕಾಂಡದ ಹರಿವನ್ನಷ್ಟೇ ಅಳೆದು ಕಾಡಿನ ನೀರಿನ ನಷ್ಟ ಇಷ್ಟು ಎಂದು ಬರೆಯಲಾಗದು ಎನ್ನುವುದು ಇಲ್ಲಿಗೂ ನಿಜ. ಬಯಲಲ್ಲಿ ಒಂದು ಮಳೆಮಾಪಕ, ಮರಗಳ ಕೆಳಗೆ ಮಳೆ ನೀರು ಹಿಡಿಯುವ ಉದ್ದನೆಯ ಕೆಲವು ದೋಣಿಗಳು, ಕಾಂಡದ ಮೇಲೆ ಇಳಿಯುವ ನೀರಿಗೆ ಒಂದು ಕಾಲರ್, ಇಷ್ಟು ಇಟ್ಟರೆ ಆ ಪಾಲೂ ಸಿಗುತ್ತದೆ. ದೋಣಿಯಲ್ಲಿ ಪಿರುಲ್ ತುಂಬಿ ಬಾಯಿ ಕಟ್ಟಿಕೊಳ್ಳುತ್ತದೆ, ಪ್ರತಿ ವಾರ ತೆಗೆಯಬೇಕು.

ನಾವು ಎಲ್ಲ ಸರಿ ಮಾಡಿದ ಮೇಲೆ ಕೊನೆಯ ಪರೀಕ್ಷೆಗೆ ಒಂದು ಮಳೆ ರಾತ್ರಿಗಾಗಿ ಕಾದೆವು. ಏಪ್ರಿಲ್‌ನಲ್ಲಿ ಸಂಜೆಯಿಂದ ಹಿಡಿದ ಮಳೆ ಬೆಳಗಿನವರೆಗೆ ಬಿಡಲಿಲ್ಲ. ಮರುದಿನ ಡೇಟಾ ಇಳಿಸಿಕೊಂಡೆ. ಬ್ಯಾಟರಿ 12.3 ವೋಲ್ಟ್, ಕರೆಂಟ್ 115 ಮಿಲಿಆಂಪ್, ಅಲುಗಾಡಿಲ್ಲ. ಐದೂ ಮರಗಳ ಗೆರೆ ರಾತ್ರಿ ಹತ್ತರಿಂದ ಬೆಳಗಿನ ಆರೂವರೆವರೆಗೆ ನೇರವಾಗಿ ಮಲಗಿತ್ತು. ಆಮೇಲೆ ಒಂದನೆಯ ಮರ ಎದ್ದಿತು. ಎರಡನೆಯದು ಹತ್ತು ನಿಮಿಷ ಬಿಟ್ಟು. ದಿಬ್ಬದ ಹಿಂದಿನ ಐದನೆಯದು ಏಳುವ ಹೊತ್ತಿಗೆ ಏಳೂಕಾಲು.